ಎಣ್ಣೆ, ರೇಷ್ಮೆ, ಕಂಬಳಿ: ಸರ್ಕಾರದ ಆಸರೆಗೆ ಎದುರಾದ ಪ್ರಶ್ನೆಗಳು

ಸಂಕಷ್ಟಕ್ಕೆ ಸಿಲುಕಿದ ಉದ್ಯಮವೊಂದನ್ನು ಸರ್ಕಾರ ಎತ್ತಿ ನಿಲ್ಲಿಸಬೇಕೆ, ಅಥವಾ ಅದರ ಅಳಿವು ಉಳಿವನ್ನು ಮಾರುಕಟ್ಟೆಗೇ ಬಿಡಬೇಕೆ ಎಂಬ ವಾದವಿವಾದ ಪ್ರಪಂಚದಲ್ಲಿ ಹೆಚ್ಚಾಗಿ ನಡೆದಿರುವುದು ಮೋಟಾರು ವಾಹನ ತಯಾರಿಕೆಯಂಥ ಭಾರಿ ಉದ್ಯಮಗಳ ಸುತ್ತ. ಸಾವಿರಾರು ಕಾರ್ಮಿಕರಿರುವ ಕಾರ್ಖಾನೆಯೊಂದು ಮುಚ್ಚುವ ಸ್ಥಿತಿಗೆ ಬಂದರೆ ಪತ್ರಿಕೆಗಳು ಬರೆಯುತ್ತವೆ, ಶಾಸನಸಭೆಗಳು ಚರ್ಚಿಸುತ್ತವೆ, ಬೊಕ್ಕಸದಿಂದ ಹಣ ಹೊರಬರುತ್ತದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ಇದೇ ಪ್ರಶ್ನೆ ಹೆಚ್ಚು ಸದ್ದಿಲ್ಲದೆ ಹಲವು ದಶಕಗಳಿಂದ ಜೀವಂತವಾಗಿದೆ. ಚಳ್ಳಕೆರೆಯ ಶೇಂಗಾ ಎಣ್ಣೆ ಗಿರಣಿಗಳು, ಮೊಳಕಾಲ್ಮುರಿನ ರೇಷ್ಮೆ ಸೀರೆಯ ಕೈಮಗ್ಗಗಳು, ಇವೆರಡು ತಾಲ್ಲೂಕುಗಳ ಕುರಿಗಾಹಿಗಳನ್ನೂ ನೇಕಾರರನ್ನೂ ಬೆಸೆದ ಕಂಬಳಿ ನೇಯ್ಗೆ ಈ ಮೂರನ್ನೂ ಕಾಪಾಡಲು ಸರ್ಕಾರಗಳು ಮೀಸಲಾತಿ, ಸಹಾಯಧನ, ಸುಂಕ, ಸಹಕಾರ ಸಂಘ, ಸಾಲಮನ್ನಾ ಹೀಗೆ ತಮ್ಮಲ್ಲಿದ್ದ ಬಹುತೇಕ ಎಲ್ಲ ಸಾಧನಗಳನ್ನೂ ಬಳಸಿವೆ. ಆದರೂ ಮೂರೂ ಉದ್ಯಮಗಳು ಹಿಂದಿನ ಬಲವನ್ನು ಉಳಿಸಿಕೊಂಡಿಲ್ಲ. ಇದನ್ನು ಕಂಡು ಸರ್ಕಾರ ಅತಿಯಾಗಿ ಕೈಹಾಕಿತು ಎನ್ನುವವರಿದ್ದಾರೆ, ಸಾಕಷ್ಟು ಕೈಹಾಕಲಿಲ್ಲ ಎನ್ನುವವರೂ ಇದ್ದಾರೆ. ಈ ಮೂರು ಉದ್ಯಮಗಳ ಇತಿಹಾಸವನ್ನು ಒಟ್ಟಿಗೆ ಇಟ್ಟು ನೋಡಿದರೆ ತೋರುವ ದೋಷ ಬೇರೆಯದು: ಒಂದು ಇಲಾಖೆ ಕೊಟ್ಟ ಆಸರೆಯನ್ನು ಇನ್ನೊಂದು ಇಲಾಖೆಯ ನಿರ್ಧಾರ ಕಿತ್ತುಕೊಂಡಿತು, ಮತ್ತು ಆ ಎರಡನ್ನೂ ಒಂದೇ ಲೆಕ್ಕದಲ್ಲಿ ಕೂಡಿಸಿ ಕಳೆದು ನೋಡುವ ಹೊಣೆಯನ್ನು ಯಾರೂ ಹೊರಲಿಲ್ಲ.

ಎಣ್ಣೆ ನಗರಿಯ ಏರಿಳಿತ

ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಚಳ್ಳಕೆರೆಯೂ ಒಂದು. ಮುಂಗಾರಿನ ಕೆಲವೇ ಹದ ಮಳೆಗಳನ್ನು ನಂಬಿಕೊಂಡು ಕೆಂಪು ಮಣ್ಣಿನಲ್ಲಿ ಬೆಳೆಯಬಹುದಾದ, ರೊಕ್ಕವನ್ನೂ ತರಬಲ್ಲ ಬೆಳೆಯೆಂದರೆ ಇಲ್ಲಿ ಶೇಂಗಾ. ಅದರ ಸುತ್ತ ಬೆಳೆದ ಮಂಡಿಗಳು ಮತ್ತು ಗಿರಣಿಗಳಿಂದಾಗಿ ಊರಿಗೆ ‘ಎಣ್ಣೆ ನಗರಿ’ ಎಂದೂ, ವ್ಯಾಪಾರದ ಭರಾಟೆಯನ್ನು ಕಂಡು ‘ಎರಡನೇ ಬಾಂಬೆ’ ಎಂದೂ ಹೆಸರು ಬಂದಿತು. ಗಿರಣಿಯ ಕೆಲಸದ ಕ್ರಮ ಸರಳವಾದುದು. ಕಾಯಿಯ ಸಿಪ್ಪೆಯನ್ನು ಡಿಕಾರ್ಟಿಕೇಟರ್ ಯಂತ್ರ ಬಿಡಿಸುತ್ತದೆ. ಬೀಜವನ್ನು ಎಕ್ಸ್‌ಪೆಲ್ಲರ್, ಅಂದರೆ ತಿರುಗುವ ತಿರುಪಿನ ಒತ್ತಡದಿಂದ ಎಣ್ಣೆ ಹಿಂಡುವ ಯಂತ್ರ, ಅರೆಯುತ್ತದೆ. ಉಳಿಯುವ ಹಿಂಡಿ ದನಕರುಗಳ ಮೇವಾಗುತ್ತದೆ. ಶೇಂಗಾ ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯಿದ್ದರೂ ಒತ್ತಡದಿಂದ ಅದೆಲ್ಲವೂ ಹೊರಬರುವುದಿಲ್ಲ, ಹಿಂಡಿಯಲ್ಲಿ ಶೇ 7ರಿಂದ 8ರಷ್ಟು ಉಳಿದುಬಿಡುತ್ತದೆ. ಅದನ್ನೂ ತೆಗೆಯಬೇಕಾದರೆ ಹೆಕ್ಸೇನ್ ಎಂಬ ದ್ರಾವಕದಲ್ಲಿ ಹಿಂಡಿಯನ್ನು ತೊಳೆಯುವ ಸಾಲ್ವೆಂಟ್ ಘಟಕ ಬೇಕು, ಮತ್ತು ಅಂಥ ಘಟಕಕ್ಕೆ ದೊಡ್ಡ ಬಂಡವಾಳವೂ ವರ್ಷವಿಡೀ ಸಾಗುವ ಕಚ್ಚಾ ಮಾಲೂ ಬೇಕು. ಕೊಯ್ಲಿನ ನಂತರದ ಕೆಲವು ತಿಂಗಳು ಮಾತ್ರ ಪೂರ್ಣ ಕೆಲಸವಿರುವ, ಬರ ಬಂದ ವರ್ಷ ಅದೂ ಇಲ್ಲದ ಚಳ್ಳಕೆರೆಯ ಗಿರಣಿಗೆ ಇವೆರಡೂ ಸುಲಭವಾಗಿ ಒದಗುವಂಥವಲ್ಲ.

ಈ ಗಿರಣಿಗಳಿಗೆ ಸರ್ಕಾರ ಕೊಟ್ಟ ಮೊದಲ ದೊಡ್ಡ ರಕ್ಷಣೆಯೆಂದರೆ ಮೀಸಲಾತಿ. ಕೆಲವು ವಸ್ತುಗಳನ್ನು ಸಣ್ಣ ಕೈಗಾರಿಕೆಗಳು ಮಾತ್ರ ತಯಾರಿಸಬೇಕೆಂಬ ಪಟ್ಟಿ 1967ರಲ್ಲಿ 47 ವಸ್ತುಗಳೊಂದಿಗೆ ಆರಂಭವಾಗಿ ಮುಂದೆ 800ರ ಗಡಿ ದಾಟಿತು. ಸಾಲ್ವೆಂಟ್ ವಿಧಾನದ್ದನ್ನು ಬಿಟ್ಟು ಉಳಿದ ಶೇಂಗಾ ಎಣ್ಣೆಯೂ ಆ ಪಟ್ಟಿ ಸೇರಿತು. ಸಣ್ಣ ಕೈಗಾರಿಕೆ ಎನಿಸಿಕೊಳ್ಳಲು ಯಂತ್ರೋಪಕರಣಗಳ ಮೇಲಿನ ಹೂಡಿಕೆ ಒಂದು ಮಿತಿಯೊಳಗಿರಬೇಕಿತ್ತು. ಆ ಮಿತಿ 1991ರಲ್ಲಿ 60 ಲಕ್ಷ ರೂಪಾಯಿ, 1999ರಲ್ಲಿ 1 ಕೋಟಿ ರೂಪಾಯಿ ಆಗಿತ್ತು. ದೊಡ್ಡ ಬಂಡವಾಳದ ಪೈಪೋಟಿಯಿಂದ ಸಣ್ಣ ಗಿರಣಿಯನ್ನು ಕಾಯುವುದು ಇದರ ಆಶಯವಾದರೂ, ಗಿರಣಿ ಸಣ್ಣದಾಗಿರುವವರೆಗೆ ಮಾತ್ರ ಆ ರಕ್ಷಣೆ ಎಂಬ ಷರತ್ತು ಅದರೊಳಗೇ ಇದ್ದುದರಿಂದ, ಹೊಸ ಯಂತ್ರ ತರಿಸಿ ಬೆಳೆಯಬಯಸಿದ ಮಾಲೀಕನಿಗೆ ಅದೇ ನಿಯಮ ಅಡ್ಡಗೋಡೆಯಾಯಿತು. ಆದ್ದರಿಂದ ಲಾಭವಿದ್ದ ವರ್ಷಗಳಲ್ಲಿಯೂ ಒಂದು ಗಿರಣಿಯನ್ನು ದೊಡ್ಡದು ಮಾಡುವ ಬದಲು ಇನ್ನೊಂದು ಸಣ್ಣ ಗಿರಣಿಯನ್ನು ಹಾಕುವುದೇ ಲೆಕ್ಕಕ್ಕೆ ಸರಿಹೊಂದುತ್ತಿತ್ತು. ದೇಶದ ಮೀಸಲು ಪಟ್ಟಿಯಲ್ಲಿ ಕೊನೆಯವರೆಗೂ ಉಳಿದಿದ್ದ 20 ವಸ್ತುಗಳಲ್ಲಿ ಶೇಂಗಾ ಎಣ್ಣೆಯೂ ಒಂದಾಗಿತ್ತು. 2015ರ ಏಪ್ರಿಲ್‌ನಲ್ಲಿ ಆ 20ನ್ನೂ ಕೈಬಿಟ್ಟಾಗ ಪಟ್ಟಿಯೇ ಇಲ್ಲವಾಯಿತು.

ಮೀಸಲಾತಿ ಒಳಗಿನ ಪೈಪೋಟಿಯನ್ನು ತಡೆದರೆ, ಹೊರಗಿನ ಪೈಪೋಟಿಯನ್ನು ತಡೆಯುವುದು ಆಮದು ನೀತಿಯ ಕೆಲಸ. 1980ರ ದಶಕದಲ್ಲಿ ಖಾದ್ಯ ತೈಲದ ಆಮದಿಗೆ ವಿದೇಶಿ ವಿನಿಮಯ ಸೋರಿಹೋಗುತ್ತಿದ್ದುದನ್ನು ಕಂಡು ಕೇಂದ್ರ ಸರ್ಕಾರ 1986ರಲ್ಲಿ ಎಣ್ಣೆಕಾಳು ತಂತ್ರಜ್ಞಾನ ಮಿಷನ್ ಆರಂಭಿಸಿತು. ಸುಧಾರಿತ ಬೀಜ, ಬೆಂಬಲ ಬೆಲೆ, ಆಮದಿನ ಬಿಗಿ ನಿಯಂತ್ರಣ ಮತ್ತು ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯ ಮೂಲಕ ಎಣ್ಣೆಯ ಸಗಟು ಬೆಲೆಯನ್ನು ಒಂದು ಮೇಲ್ಮಿತಿ ಮತ್ತು ಕೆಳಮಿತಿಯ ನಡುವೆ ಹಿಡಿದಿಡುವ ಮಾರುಕಟ್ಟೆ ಕಾರ್ಯಾಚರಣೆ, ಇವೆಲ್ಲ ಕೂಡಿ ದೇಶದ ಎಣ್ಣೆಕಾಳು ಉತ್ಪಾದನೆ 1985–86ರ ಸುಮಾರು 1.08 ಕೋಟಿ ಟನ್ನಿನಿಂದ ಒಂದು ದಶಕದಲ್ಲಿ ಎರಡು ಪಟ್ಟಿಗೂ ಮಿಗಿಲಾಗಿ ಬೆಳೆಯಿತು. 1990ರ ದಶಕದ ಆರಂಭದಲ್ಲಿ ದೇಶ ತನಗೆ ಬೇಕಾದ ಅಡುಗೆ ಎಣ್ಣೆಯನ್ನು ಬಹುಪಾಲು ತಾನೇ ತಯಾರಿಸಿಕೊಳ್ಳುತ್ತಿತ್ತು. ಕರ್ನಾಟಕದಲ್ಲಿ 1984ರಲ್ಲಿ ಸ್ಥಾಪನೆಯಾದ ಸಹಕಾರಿ ಎಣ್ಣೆಬೀಜ ಬೆಳೆಗಾರರ ಮಹಾಮಂಡಳವೂ ರೈತರಿಂದ ನೇರವಾಗಿ ಖರೀದಿಸುವ ಕೆಲಸವನ್ನು ಈ ಕಾಲದಲ್ಲಿಯೇ ವಿಸ್ತರಿಸಿತು. ಸರ್ಕಾರದ ಹಲವು ಕ್ರಮಗಳು ಒಂದೇ ದಿಕ್ಕಿನಲ್ಲಿ ಸಾಗಿದರೆ ಎಂಥ ಫಲ ದೊರೆಯುತ್ತದೆ ಎಂಬುದಕ್ಕೆ ಇದು ಉದಾಹರಣೆಯಾದ್ದರಿಂದ, ಮಧ್ಯಪ್ರವೇಶವೆಂದರೆ ಸೋಲೇ ಎನ್ನುವವರು ಈ ವರ್ಷಗಳನ್ನು ದಾಟಿಹೋಗುವಂತಿಲ್ಲ.

ಆ ದಿಕ್ಕು ಬದಲಾದದ್ದು ಬಹುಬೇಗ. 1994ರಲ್ಲಿ ತಾಳೆ ಎಣ್ಣೆಯಿಂದ ತಯಾರಾಗುವ ಪಾಮೋಲಿನ್ ಅನ್ನು ಮುಕ್ತ ಸಾಮಾನ್ಯ ಪರವಾನಗಿಯ ಪಟ್ಟಿಗೆ ಸೇರಿಸಲಾಯಿತು. ಅಂದರೆ ಅದುವರೆಗೆ ಸರ್ಕಾರಿ ಸಂಸ್ಥೆಯ ಮೂಲಕ ಮಾತ್ರ ಬರುತ್ತಿದ್ದ ಎಣ್ಣೆಯನ್ನು ಸುಂಕ ಕಟ್ಟಿದ ಯಾವ ವ್ಯಾಪಾರಿಯಾದರೂ ತರಿಸಬಹುದಾಯಿತು. ಸುಂಕ ಆಗ ಶೇ 65ರಷ್ಟಿತ್ತು. 1995ರಲ್ಲಿ ಉಳಿದ ಹಲವು ಎಣ್ಣೆಗಳಿಗೂ ಅದೇ ಸ್ವಾತಂತ್ರ್ಯ ದೊರೆತು ಸುಂಕ ಶೇ 30ಕ್ಕೆ ಇಳಿಯಿತು, 1998ರ ಹೊತ್ತಿಗೆ ಅದು ಶೇ 15ಕ್ಕೆ ಬಂದು ನಿಂತಿತು. ಹೀಗೆ ನಾಲ್ಕು ವರ್ಷಗಳಲ್ಲಿ ಹೊರಗಿನ ಗೋಡೆ ಬಹುಪಾಲು ಕುಸಿದರೂ, ಗಿರಣಿ ಸಣ್ಣದಾಗಿಯೇ ಇರಬೇಕೆಂಬ ಒಳಗಿನ ನಿಯಮ ಮತ್ತೆ ಹದಿನೇಳು ವರ್ಷ ಉಳಿದುಕೊಂಡಿತು. ಮಲೇಷ್ಯಾ ಮತ್ತು ಇಂಡೋನೇಷ್ಯಾಗಳ ತಾಳೆ ತೋಟಗಳಿಂದ ಹಡಗಿನಲ್ಲಿ ಬಂದ ಕಚ್ಚಾ ಎಣ್ಣೆಯನ್ನು ಬಂದರಿನ ಪಕ್ಕದಲ್ಲಿಯೇ ಶುದ್ಧೀಕರಿಸುವ ಬೃಹತ್ ಘಟಕಗಳಿಗೆ ಗಾತ್ರದ ಮಿತಿ ಇರಲಿಲ್ಲ; ಬಯಲುಸೀಮೆಯ ಎಕ್ಸ್‌ಪೆಲ್ಲರ್ ಗಿರಣಿಗೆ ಇತ್ತು. ಅಸಮಾನ ಸ್ಪರ್ಧೆ ಎಂಬ ದೂರು ಕೇವಲ ಗಿರಣಿ ಮಾಲೀಕರ ಗೊಣಗಾಟವಲ್ಲ ಎಂಬುದಕ್ಕೆ ಈ ಎರಡು ದಿನಾಂಕಗಳ ನಡುವಿನ ಅಂತರವೇ ಸಾಕ್ಷಿ.

ಅದೇ 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಅರ್ಜಿಮೋನ್ ಎಂಬ ಕಳೆಗಿಡದ ಬೀಜದ ಎಣ್ಣೆ ಬೆರೆತು ಹಲವರು ಸತ್ತಾಗ, ಖಾದ್ಯ ತೈಲವನ್ನು ಬಿಡಿಯಾಗಿ ಮಾರದೆ ಪೊಟ್ಟಣದಲ್ಲಿಯೇ ಮಾರಬೇಕೆಂಬ ಆದೇಶ ಹೊರಬಿತ್ತು. ಜನರ ಆರೋಗ್ಯದ ದೃಷ್ಟಿಯಿಂದ ಅದರ ಉದ್ದೇಶವನ್ನು ಯಾರೂ ಅಲ್ಲಗಳೆಯಲಾರರು. ಆದರೆ ನೋಂದಣಿ, ಪ್ರಯೋಗಾಲಯ ಮತ್ತು ಪೊಟ್ಟಣ ಕಟ್ಟುವ ಯಂತ್ರದ ಖರ್ಚು ದಿನಕ್ಕೆ ನೂರಾರು ಟನ್ ತಯಾರಿಸುವ ಘಟಕಕ್ಕೆ ಲೀಟರಿಗೆ ಕೆಲವು ಪೈಸೆಯಾದರೆ, ಡಬ್ಬಿ ತಂದವರಿಗೆ ಎಣ್ಣೆ ಅಳೆದು ಕೊಡುತ್ತಿದ್ದ ಊರ ಗಾಣಕ್ಕೂ ಸಣ್ಣ ಗಿರಣಿಗೂ ಅದು ಹೊರಲಾಗದ ಹೊರೆ. ಮುಂದಿನ ವರ್ಷಗಳಲ್ಲಿ ಸುಂಕದ ದರ ಬೆಲೆಯೇರಿಕೆಯ ಸುದ್ದಿಗೆ ತಕ್ಕಂತೆ ಏರಿಳಿಯತೊಡಗಿತು. 2008ರಲ್ಲಿ ಕಚ್ಚಾ ಖಾದ್ಯ ತೈಲಗಳ ಸುಂಕ ಸೊನ್ನೆಗೆ ಇಳಿಯಿತು. 2021ರ ಅಕ್ಟೋಬರ್‌ನಲ್ಲಿ ವ್ಯಾಪಾರಿಗಳು ಇಟ್ಟುಕೊಳ್ಳಬಹುದಾದ ದಾಸ್ತಾನಿಗೆ ಮಿತಿ ಬಂದಿತು. 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ತಾಳೆ, ಸೋಯಾ ಮತ್ತು ಸೂರ್ಯಕಾಂತಿ ಎಣ್ಣೆಗಳ ಮೂಲ ಸುಂಕ ಸೊನ್ನೆಯಿಂದ ಶೇ 20ಕ್ಕೆ ಏರಿ, ವರ್ಷ ತುಂಬುವ ಮೊದಲೇ, 2025ರ ಮೇ ಕೊನೆಯಲ್ಲಿ, ಶೇ 10ಕ್ಕೆ ಇಳಿಯಿತು. ಈಗ ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತಿದೆ. ಮತ್ತೊಂದೆಡೆ 2021ರಲ್ಲಿ ತಾಳೆಗೆ 11,040 ಕೋಟಿ ರೂಪಾಯಿಯ, 2024ರಲ್ಲಿ ಎಣ್ಣೆಕಾಳುಗಳಿಗೆ 10,103 ಕೋಟಿ ರೂಪಾಯಿಯ ಹೊಸ ರಾಷ್ಟ್ರೀಯ ಮಿಷನ್‌ಗಳು ಘೋಷಣೆಯಾಗಿವೆ. ಒಂದು ಕೈ ಬಿತ್ತನೆಗೆ ಹಣ ಕೊಡುವಾಗಲೇ ಇನ್ನೊಂದು ಕೈ ಕೊಯ್ಲಿನ ಬೆಲೆಯನ್ನು ಅನಿಶ್ಚಿತಗೊಳಿಸುತ್ತದೆ ಎಂಬ ಟೀಕೆಗೆ ಇಲ್ಲಿ ಆಧಾರವಿದೆ. ಜೂನ್‌ನಲ್ಲಿ ಬಿತ್ತುವ ರೈತನಿಗಾಗಲಿ, ಹಂಗಾಮಿನಲ್ಲಿ ಸಾಲ ತಂದು ಕಾಯಿ ಕೊಂಡು ತುಂಬಿಕೊಳ್ಳುವ ಗಿರಣಿಗಾಗಲಿ, ಮಾರಾಟದ ಹೊತ್ತಿಗೆ ಸುಂಕ ಎಷ್ಟಿರುತ್ತದೆಂದು ಊಹಿಸುವ ದಾರಿಯೇ ಇಲ್ಲ.

ಇದಕ್ಕೆ ಎದುರಾಗಿ ನಿಲ್ಲುವ ವಾದವೂ ಹಗುರವಾದುದಲ್ಲ. ಅಡುಗೆ ಎಣ್ಣೆಯನ್ನು ಕೊಳ್ಳುವವರ ಸಂಖ್ಯೆ ಶೇಂಗಾ ಬೆಳೆಯುವವರ ಸಂಖ್ಯೆಗಿಂತ ಎಷ್ಟೋ ದೊಡ್ಡದು. ಕೂಲಿಯ ಮೇಲೆ ಬದುಕುವ ಕುಟುಂಬಕ್ಕೆ ಅಗ್ಗದ ತಾಳೆ ಎಣ್ಣೆ ನಿಜವಾದ ಉಳಿತಾಯ, ಮತ್ತು ಚಳ್ಳಕೆರೆಯ ಮನೆಗಳಿಗೂ ಆ ಎಣ್ಣೆ ಬಂದಿದೆ. ಆದ್ದರಿಂದ ಸುಂಕ ಇಳಿಸಿದ್ದೇ ಅಪರಾಧವೆಂದು ಹೇಳಲು ಬರುವುದಿಲ್ಲ. ಆದರೆ ಗ್ರಾಹಕನ ಹಿತಕ್ಕಾಗಿ ಗಡಿ ತೆರೆಯುವ ಸರ್ಕಾರ, ಅದರ ನಷ್ಟವನ್ನು ಹೊರುವವರಿಗೆ ಬದಲಾಗಲು ಬೇಕಾದ ಕಾಲವನ್ನೂ ಬೆಳೆಯುವ ಸ್ವಾತಂತ್ರ್ಯವನ್ನೂ ಕೊಡಬೇಕಿತ್ತು ಎಂಬ ಆಕ್ಷೇಪ ಮಾತ್ರ ಉಳಿದೇ ಉಳಿಯುತ್ತದೆ.

ಮೋಟಾರು ಉದ್ಯಮದ ಪಾಠ

ಈ ಹಂತದಲ್ಲಿ ಮೋಟಾರು ಉದ್ಯಮದ ಅನುಭವವನ್ನು ಪಕ್ಕಕ್ಕಿಟ್ಟು ನೋಡುವುದು ಉಪಯುಕ್ತ. ಬ್ರಿಟನ್ ಸರ್ಕಾರ 1975ರಲ್ಲಿ ಬ್ರಿಟಿಷ್ ಲೇಲ್ಯಾಂಡ್ ಕಂಪನಿಯನ್ನು ತನ್ನ ವಶಕ್ಕೆ ತೆಗೆದುಕೊಂಡು ವರ್ಷಗಳ ಕಾಲ ಹಣ ಸುರಿಯಿತು, 1988ರಲ್ಲಿ ಅದರ ಕಾರು ವಿಭಾಗವನ್ನು ಮಾರಿತು, ಕೈಬದಲಾಯಿಸುತ್ತ ಬಂದ ಆ ವಿಭಾಗದ ಉಳಿಕೆಯಾದ ಎಂ.ಜಿ. ರೋವರ್ 2005ರಲ್ಲಿ ಮುಳುಗಿತು. ಅಮೆರಿಕ 2008–09ರಲ್ಲಿ ಜನರಲ್ ಮೋಟಾರ್ಸ್, ಕ್ರೈಸ್ಲರ್ ಮತ್ತು ಅವುಗಳಿಗೆ ಸಂಬಂಧಿಸಿದ ಸಂಸ್ಥೆಗಳಿಗೆ ಸುಮಾರು 8,000 ಕೋಟಿ ಡಾಲರ್ ಒದಗಿಸಿತು. ಹಳೆಯ ಸಾಲಗಾರರು ಮತ್ತು ಷೇರುದಾರರು ನಷ್ಟ ಹೊತ್ತು, ಕಂಪನಿಗಳು ನ್ಯಾಯಾಲಯದ ಮೂಲಕ ಮರುಸಂಘಟನೆಗೊಂಡು, 2013ರ ಕೊನೆಯಲ್ಲಿ ಸರ್ಕಾರ ಜನರಲ್ ಮೋಟಾರ್ಸ್‌ನ ತನ್ನ ಕೊನೆಯ ಷೇರನ್ನು ಮಾರಿದಾಗ ಆ ಒಂದು ಕಂಪನಿಯಲ್ಲಿ ಬೊಕ್ಕಸಕ್ಕಾದ ನಷ್ಟ ಸುಮಾರು ಸಾವಿರ ಕೋಟಿ ಡಾಲರ್. ಕಂಪನಿಗಳು ಮಾತ್ರ ಉಳಿದವು. ಈ ನೆರವುಗಳ ಟೀಕಾಕಾರರು ಮೂರು ಮಾತು ಹೇಳುತ್ತಾರೆ. ಸೋತರೂ ಎತ್ತುವವರಿದ್ದಾರೆ ಎಂಬ ಭರವಸೆ ಆಡಳಿತಗಾರರನ್ನು ಅಜಾಗರೂಕರನ್ನಾಗಿಸುತ್ತದೆ, ಇದನ್ನು ಅರ್ಥಶಾಸ್ತ್ರಜ್ಞರು ‘ನೈತಿಕ ಅಪಾಯ’ ಎಂದು ಕರೆಯುತ್ತಾರೆ. ನೆರವು ಅಗತ್ಯಕ್ಕೆ ತಕ್ಕಂತೆ ಹಂಚಿಕೆಯಾಗದೆ ದನಿ ಇದ್ದವರ ಕಡೆ ಹರಿಯುತ್ತದೆ. ಮುಳುಗಬೇಕಾದುದನ್ನು ತೇಲಿಸಿಟ್ಟರೆ ಹೊಸದು ಹುಟ್ಟಲು ಬೇಕಾದ ಬಂಡವಾಳ ಅದರಲ್ಲಿಯೇ ಸಿಕ್ಕಿಕೊಳ್ಳುತ್ತದೆ.

ಬಯಲುಸೀಮೆಯ ಎರಡು ತಾಲ್ಲೂಕುಗಳಿಗೆ ಇವುಗಳಲ್ಲಿ ಹೆಚ್ಚು ಹೊಂದುವುದು ಎರಡನೆಯ ಮಾತು. ಮೈಸೂರಿನಲ್ಲಿ ಮೋಟಾರು ಸೈಕಲ್ ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿಹೋದದ್ದು ರಾಜ್ಯಕ್ಕೆ ಇಂದಿಗೂ ನೆನಪಿದೆ, ಏಕೆಂದರೆ ಅದು ಒಂದೇ ಹೆಸರಿನ, ಒಂದೇ ಗೇಟಿನ ಕಾರ್ಖಾನೆಯಾಗಿತ್ತು. ಹತ್ತಾರು ಮಾಲೀಕರ ನಡುವೆ ಹಂಚಿಹೋದ ಎಣ್ಣೆ ಗಿರಣಿಗಳು ಒಂದೊಂದಾಗಿ ನಿಂತಾಗ, ಮನೆಯೊಳಗಿನ ಮಗ್ಗಗಳು ಒಂದೊಂದಾಗಿ ಅಟ್ಟ ಸೇರಿದಾಗ, ಮುಚ್ಚಿತು ಎಂದು ಹೇಳಬಹುದಾದ ಒಂದು ದಿನವೇ ಇರುವುದಿಲ್ಲ. ವಾಹನ ಮತ್ತು ಬಿಡಿಭಾಗಗಳ ತಯಾರಿಕೆಗೆ ಕೇಂದ್ರ ಸರ್ಕಾರ 2021ರಲ್ಲಿ 25,938 ಕೋಟಿ ರೂಪಾಯಿಯ ಉತ್ಪಾದನಾ ಪ್ರೋತ್ಸಾಹ ಯೋಜನೆಯನ್ನು ಪ್ರಕಟಿಸಿತು. ಅದಕ್ಕೆ ಒಂದು ವರ್ಷ ಮೊದಲು, 2020ರಲ್ಲಿ, ಕರ್ನಾಟಕ ಸರ್ಕಾರ ‘ನೇಕಾರ ಸಮ್ಮಾನ್’ ಹೆಸರಿನಲ್ಲಿ ಪ್ರತಿ ಕೈಮಗ್ಗ ನೇಕಾರನಿಗೆ ಘೋಷಿಸಿದ್ದು ವರ್ಷಕ್ಕೆ 2,000 ರೂಪಾಯಿ. ಒಂದು ನೆರವು ಬೆಳೆಯಲು, ಇನ್ನೊಂದು ಹೇಗಾದರೂ ಬದುಕಿರಲು ಎಂಬ ವ್ಯತ್ಯಾಸ ಆ ಎರಡು ಯೋಜನೆಗಳ ಸ್ವರೂಪದಲ್ಲಿಯೇ ಎದ್ದುಕಾಣುತ್ತದೆ.

ಒಂದೇ ತಾಲ್ಲೂಕಿನಲ್ಲಿ ಎರಡು ಹಿತ

ಅಶೋಕನ ಶಾಸನಗಳಿರುವ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಿಂದ ಇತಿಹಾಸಕಾರರಿಗೆ ಪರಿಚಿತವಾದ ಮೊಳಕಾಲ್ಮುರು, ಸಾಮಾನ್ಯ ಜನರಿಗೆ ಪರಿಚಿತವಾಗಿರುವುದು ತನ್ನ ರೇಷ್ಮೆ ಸೀರೆಗಳಿಂದ. ಹಣ್ಣು, ಹೂವು, ಪ್ರಾಣಿಪಕ್ಷಿಗಳ ಬುಟ್ಟಾ ಮತ್ತು ಜರಿಯ ಅಂಚುಗಳಿರುವ ಈ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಅಂದರೆ ಆ ಪ್ರದೇಶದಲ್ಲಿ, ಆ ಕ್ರಮದಲ್ಲಿ ನೇಯ್ದ ಸೀರೆಯನ್ನು ಮಾತ್ರ ಮೊಳಕಾಲ್ಮುರು ಸೀರೆ ಎಂದು ಮಾರಬಹುದೆಂಬ ಕಾನೂನಿನ ಹಕ್ಕು. ಅದಕ್ಕೂ ಬಹು ಮೊದಲೇ, 1985ರಲ್ಲಿ, ಸಂಸತ್ತು ಕೈಮಗ್ಗ ಮೀಸಲಾತಿ ಕಾಯ್ದೆಯನ್ನು ಅಂಗೀಕರಿಸಿ 22 ಬಗೆಯ ಬಟ್ಟೆಗಳನ್ನು ವಿದ್ಯುತ್ ಮಗ್ಗಗಳು ನೇಯಕೂಡದೆಂದು ಗೊತ್ತುಪಡಿಸಿತ್ತು. ವಿದ್ಯುತ್ ಮಗ್ಗದವರು ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟ್ 1993ರಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು. 1996ರಲ್ಲಿ ಪಟ್ಟಿ 11 ಬಗೆಗಳಿಗೆ ಇಳಿದರೂ ಸೀರೆ ಅದರಲ್ಲಿ ಉಳಿಯಿತು. ಉಲ್ಲಂಘಿಸಿದವರಿಗೆ ಆರು ತಿಂಗಳವರೆಗಿನ ಸೆರೆಯೋ ಮಗ್ಗವೊಂದಕ್ಕೆ 5,000 ರೂಪಾಯಿವರೆಗಿನ ದಂಡವೋ ಇಲ್ಲವೇ ಎರಡೂ ಎಂದು ಕಾಯ್ದೆ ಹೇಳುತ್ತದೆ. ಆದರೆ ವಿದ್ಯುತ್ ಮಗ್ಗವೊಂದು ಕೈಮಗ್ಗಕ್ಕಿಂತ ಹಲವು ಪಟ್ಟು ವೇಗವಾಗಿ ನೇಯುವಾಗ, ಅದರ ಸೀರೆ ಅಂಗಡಿಯ ಬೆಳಕಿನಲ್ಲಿ ಕೈಮಗ್ಗದ ಸೀರೆಯಂತೆಯೇ ಕಾಣುವಾಗ, ಕಾನೂನಿನ ಬಲ ತಪಾಸಣೆಯ ಬಲದಷ್ಟೇ ಇರುತ್ತದೆ. ಇತ್ತ ಕೈಮಗ್ಗವನ್ನು ವಿದ್ಯುತ್ ಮಗ್ಗದಿಂದ ಕಾಯಲು ಕಾಯ್ದೆ ಇರುವಾಗಲೇ ಅತ್ತ ವಿದ್ಯುತ್ ಮಗ್ಗಗಳಿಗೆ ರಾಜ್ಯ ಸರ್ಕಾರ ರಿಯಾಯಿತಿ ದರದ ವಿದ್ಯುತ್ ಒದಗಿಸುತ್ತದೆ. ವಿದ್ಯುತ್ ಮಗ್ಗದವನೂ ಬಡ ನೇಕಾರನೇ ಆಗಿರುವುದರಿಂದ ಆ ರಿಯಾಯಿತಿಯನ್ನು ತಪ್ಪೆನ್ನಲಾಗದು. ಆದರೂ ಎರಡೂ ನೆರವುಗಳು ಒಂದಕ್ಕೊಂದು ಎದುರುಬದುರಾಗಿ ನಿಲ್ಲುತ್ತವೆ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಇರುವುದು ನೂಲಿನಲ್ಲಿ. ಮೊಳಕಾಲ್ಮುರು ತಾಲ್ಲೂಕಿನಲ್ಲಿ ಹಿಪ್ಪುನೇರಳೆ ಬೆಳೆದು ಗೂಡು ತೆಗೆಯುವ ರೈತರೂ ಇದ್ದಾರೆ, ಆ ಗೂಡಿನಿಂದ ಬರುವ ನೂಲನ್ನು ಕೊಳ್ಳುವ ನೇಕಾರರೂ ಇದ್ದಾರೆ. ಸೀರೆಯ ಉದ್ದಕ್ಕೆ ಬಿಗಿಯಾಗಿ ನಿಲ್ಲುವ ಎಳೆಗಳಾದ ಹಾಸಿಗೆ ಗಟ್ಟಿಯಾದ, ಒಂದೇ ದಪ್ಪದ ನೂಲು ಬೇಕು. ಅಡ್ಡಡ್ಡ ಹಾಯುವ ಹೊಕ್ಕಿಗೆ ಅಷ್ಟು ಕಟ್ಟುನಿಟ್ಟು ಬೇಕಿಲ್ಲ. ಕರ್ನಾಟಕದ ಮಿಶ್ರತಳಿ ಗೂಡಿನ ನೂಲು ಹೊಕ್ಕಿಗೆ ಚೆನ್ನಾಗಿ ಒದಗಿದರೆ, ಹಾಸಿಗೆ ಚೀನಾದ ನೂಲನ್ನು ನೇಕಾರರು ಹುಡುಕುವುದು ಈ ಕಾರಣಕ್ಕೆ. ಕೇಂದ್ರ ಸರ್ಕಾರ 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಒಮ್ಮೆಗೇ ಶೇ 5ಕ್ಕೆ ಇಳಿಸಿದಾಗ ನೇಕಾರರ ನೂಲಿನ ಬೆಲೆ ಹಗುರವಾಯಿತು, ರಾಜ್ಯದ ರೇಷ್ಮೆ ಬೆಳೆಗಾರರು ಗೂಡಿನ ಬೆಲೆ ಕುಸಿಯಿತೆಂದು ಬೀದಿಗಿಳಿದರು. 2013ರಲ್ಲಿ ಸುಂಕ ಶೇ 15ಕ್ಕೆ ಏರಿತು. ನಡುವೆ ಶೇ 10ಕ್ಕೆ ಇಳಿದು 2021ರಲ್ಲಿ ಮತ್ತೆ ಶೇ 15 ಆಯಿತು. ಈ ಏರಿಳಿತದಲ್ಲಿ ಪ್ರತಿಬಾರಿಯೂ ಒಬ್ಬರ ಪರಿಹಾರ ಇನ್ನೊಬ್ಬರ ನಷ್ಟವಾಗಿದೆ. ಸುಂಕದಿಂದ ನೂಲು ತುಟ್ಟಿಯಾದದ್ದನ್ನು ಸರಿದೂಗಿಸಲು ಕೈಮಗ್ಗದ ನೂಲಿಗೆ ಶೇ 15ರ ಸಹಾಯಧನದ ಯೋಜನೆಯಿದೆ. ಒಂದು ಕೈಯಿಂದ ವಸೂಲಿ ಮಾಡಿದ್ದನ್ನು ಇನ್ನೊಂದು ಕೈಯಿಂದ, ಅದೂ ಸಂಘದ ಸದಸ್ಯತ್ವ ಮತ್ತು ಪಾಸ್‌ಪುಸ್ತಕ ಇರುವವರಿಗೆ, ಹಿಂದಿರುಗಿಸುವ ಈ ವ್ಯವಸ್ಥೆಯಲ್ಲಿ ಹಣಕ್ಕಿಂತ ಮೊದಲು ಸವೆಯುವುದು ನೇಕಾರನ ದಿನಗಳು.

ನೆರವು ಯಾರ ಕೈ ಸೇರುತ್ತದೆ ಎಂಬುದು ಇಲ್ಲಿನ ಮತ್ತೊಂದು ಹಳೆಯ ಪ್ರಶ್ನೆ. ರೇಷ್ಮೆ ಸೀರೆಯ ನೇಕಾರರಲ್ಲಿ ಬಹುಮಂದಿ ಸ್ವತಂತ್ರರಲ್ಲ. ನೂಲು ಮತ್ತು ಜರಿಯನ್ನು ಕೊಟ್ಟು, ನೇಯ್ದ ಸೀರೆಯನ್ನು ಪಡೆದು, ಕೂಲಿ ಲೆಕ್ಕ ಹಾಕುವ ಮಾಸ್ಟರ್ ವೀವರ್, ಅಂದರೆ ಬಂಡವಾಳ ಹೂಡುವ ವ್ಯಾಪಾರಿ ನೇಕಾರ, ಇವರ ಮೇಲಿರುತ್ತಾನೆ. ಸೀರೆಯ ಮಾರಾಟಕ್ಕೆ ಕೊಡುವ ರಿಯಾಯಿತಿ ಮಾರುವವನಿಗೆ, ಸಂಘದ ಸಾಲಮನ್ನಾ ಸಾಲ ಪಡೆದ ಸಂಘಕ್ಕೆ ತಲುಪುತ್ತದೆಯೇ ಹೊರತು ಕೂಲಿ ನೇಯುವವನ ಕೈಗೆ ನೇರವಾಗಿ ಬರುವುದಿಲ್ಲ. 2011ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟ 3,884 ಕೋಟಿ ರೂಪಾಯಿಯ ಕೈಮಗ್ಗ ಪುನಶ್ಚೇತನ ಯೋಜನೆಯೂ ಮುಖ್ಯವಾಗಿ ಬಾಕಿ ಸಾಲಗಳ ಸುತ್ತಲೇ ರೂಪುಗೊಂಡಿತ್ತು. ನೇಕಾರರಿಗೆ ಕೆಲಸ ಕೊಟ್ಟು ಮಾರುಕಟ್ಟೆ ಒದಗಿಸಲೆಂದು 1975ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಶಾಲಾ ಸಮವಸ್ತ್ರದಂಥ ಸರ್ಕಾರಿ ಖರೀದಿಯನ್ನು ಬಹುವಾಗಿ ಅವಲಂಬಿಸಬೇಕಾಗಿ ಬಂದದ್ದೂ ಇದೇ ಧೋರಣೆಯ ಇನ್ನೊಂದು ಮುಖ. ದೇಶದ ಕೈಮಗ್ಗ ಗಣತಿಯ ಪ್ರಕಾರ 2009–10ರಲ್ಲಿ 43.3 ಲಕ್ಷವಿದ್ದ ನೇಕಾರರು ಮತ್ತು ಸಹಾಯಕ ಕೆಲಸಗಾರರ ಸಂಖ್ಯೆ 2019–20ರಲ್ಲಿ 35.2 ಲಕ್ಷಕ್ಕೆ ಇಳಿಯಿತು; ಯೋಜನೆಗಳು ಹೆಚ್ಚುತ್ತ ಹೋದ ದಶಕದಲ್ಲಿಯೇ ನೇಯುವ ಕೈಗಳು ಕಡಿಮೆಯಾದವು.

ಕಂಬಳಿ ಮತ್ತು ಕಾವಲು

ಕೈಮಗ್ಗ ಮೀಸಲಾತಿಯ 11 ಬಗೆಗಳಲ್ಲಿ ಚಳ್ಳಕೆರೆಗೆ ನೇರವಾಗಿ ಸಂಬಂಧಿಸಿದ ಇನ್ನೊಂದು ವಸ್ತುವೂ ಇದೆ, ಅದು ಕಂಬಳಿ. ದಖ್ಖನಿ ಕುರಿಯ ಒರಟು ಉಣ್ಣೆಯನ್ನು ನೂತು, ಹುಣಸೆ ಬೀಜದ ಗಂಜಿ ಹಾಕಿ, ಕುಣಿ ಮಗ್ಗದಲ್ಲಿ ನೇಯುವ ಈ ಕಂಬಳಿಗೆ ಚಳ್ಳಕೆರೆ ಬಹುಕಾಲದಿಂದ ಪೇಟೆಯಾಗಿದೆ. ಹಳೆಯ ಬಟ್ಟೆಯನ್ನು ಮತ್ತೆ ನೂಲಾಗಿಸಿ ಪಾಣಿಪತ್ತಿನ ಗಿರಣಿಗಳು ತಯಾರಿಸುವ ಅಗ್ಗದ ಹೊದಿಕೆ ಮಾರುಕಟ್ಟೆಯನ್ನು ತುಂಬಿದಾಗ ಮೀಸಲಾತಿಯ ಕಾಗದ ಈ ನೇಕಾರರನ್ನು ಹೆಚ್ಚೇನೂ ಕಾಯಲಿಲ್ಲ. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಉದ್ಯಮದ ಬುಡಕ್ಕೆ. ಮೈಸೂರು ಅರಸರ ಕಾಲದಿಂದ ಅಮೃತ ಮಹಲ್ ದನಗಳಿಗೆಂದು ಬಿಟ್ಟಿದ್ದ ಹುಲ್ಲುಗಾವಲುಗಳನ್ನು ಕಾವಲು ಎನ್ನುತ್ತಾರೆ, ಸುತ್ತಲಿನ ಹಳ್ಳಿಗಳ ಕುರಿಗಳೂ ಅಲ್ಲಿಯೇ ಮೇಯುತ್ತಿದ್ದವು. ಚಳ್ಳಕೆರೆ ತಾಲ್ಲೂಕಿನ ಇಂಥ ಕಾವಲುಗಳಲ್ಲಿ ಸಾವಿರಾರು ಎಕರೆಯನ್ನು 2000ದ ದಶಕದ ಕೊನೆಯಿಂದ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹಂಚಲಾಯಿತು. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ದೊರೆತದ್ದೇ 1,500 ಎಕರೆ. ಎತ್ತರದ ಗೋಡೆಗಳು ಎದ್ದಾಗ ಕುರಿಗಾಹಿಗಳ ಮತ್ತು ಕಂಬಳಿ ನೇಕಾರರ ಆಕ್ಷೇಪ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಆ ಸಂಸ್ಥೆಗಳ ಅಗತ್ಯವನ್ನು ಒಪ್ಪಿಕೊಂಡರೂ ಕೇಳಲೇಬೇಕಾದ ಪ್ರಶ್ನೆ ಉಳಿಯುತ್ತದೆ: ಜವಳಿ ಇಲಾಖೆ ಕಂಬಳಿಯನ್ನು ಕಾನೂನಿನಿಂದ ಕಾಯುತ್ತಿದ್ದಾಗ, ಕಂದಾಯ ಇಲಾಖೆ ಆ ಕಂಬಳಿಯ ಉಣ್ಣೆ ಬೆಳೆಯುವ ನೆಲವನ್ನು ಬೇರೆಯವರಿಗೆ ಬರೆದುಕೊಟ್ಟಿತು, ಈ ಎರಡು ಕಡತಗಳನ್ನು ಒಂದೇ ಮೇಜಿನ ಮೇಲೆ ಇಟ್ಟವರು ಯಾರು?

ಟೀಕೆಯ ಎರಡು ಬಗೆ

ಈ ಅನುಭವಗಳಿಂದ ಮಾರುಕಟ್ಟೆವಾದಿಗಳು ತೆಗೆಯುವ ನಿರ್ಣಯ ಒಂದು. ಸರ್ಕಾರ ಕೈಹಾಕದೇ ಇದ್ದಿದ್ದರೆ ಗಿರಣಿಗಳು ಬೆಳೆಯುತ್ತಿದ್ದವು ಅಥವಾ ಬೇಗನೆ ಮುಚ್ಚಿ ಬಂಡವಾಳ ಬೇರೆ ಕಡೆ ಹರಿಯುತ್ತಿತ್ತು, ನೇಕಾರನ ಮಗ ಇನ್ನೊಂದು ಕಸುಬನ್ನು ಮೊದಲೇ ಕಲಿಯುತ್ತಿದ್ದ ಎಂದು ಅವರು ಹೇಳುತ್ತಾರೆ. ಬೆಳೆಯುವ ಮಾತು ಎಣ್ಣೆ ಗಿರಣಿಯ ಮಟ್ಟಿಗೆ ಬಹುಪಾಲು ನಿಜ, ಏಕೆಂದರೆ ಅಲ್ಲಿ ಗಾತ್ರದ ಮಿತಿಯೇ ಮುಖ್ಯ ಅಡ್ಡಿಯಾಗಿತ್ತು. ಆದರೆ ಬೇರೆ ಕಡೆ ಹರಿಯುವ ಮಾತಿಗೆ ಆ ‘ಬೇರೆ ಕಡೆ’ ಇರಬೇಕಾಗುತ್ತದೆ. ಮಳೆಯೂ ನೀರಾವರಿಯೂ ಕಡಿಮೆಯಿರುವ, ದೊಡ್ಡ ಕಾರ್ಖಾನೆಗಳು ಬಾರದ ತಾಲ್ಲೂಕಿನಲ್ಲಿ ಮಗ್ಗ ಬಿಟ್ಟವನಿಗೆ ಉಳಿಯುವುದು ಬೆಂಗಳೂರಿನ ಬಸ್ಸು. ಎರಡನೆಯ ಬಗೆಯ ಟೀಕಾಕಾರರು ಕೈಕಸುಬಿನ ಪರವಾದವರು. ರಂಗಕರ್ಮಿ ಪ್ರಸನ್ನ ಅವರ ನೇತೃತ್ವದಲ್ಲಿ 2015ರಲ್ಲಿ ಬದನವಾಳಿನಲ್ಲಿ ನಡೆದ ಸತ್ಯಾಗ್ರಹವೂ, 2017ರಲ್ಲಿ ಕೈಉತ್ಪನ್ನಗಳ ಮೇಲಿನ ಜಿ.ಎಸ್.ಟಿ. ವಿರುದ್ಧ ನಡೆದ ಕರ ನಿರಾಕರಣೆ ಸತ್ಯಾಗ್ರಹವೂ ಈ ನಿಲುವಿನಿಂದ ಹುಟ್ಟಿದವು. ಅವರ ವಾದದಂತೆ ಸರ್ಕಾರ ಕೈಕಸುಬನ್ನು ದಾನಕ್ಕೆ ಅರ್ಹವಾದ ಬಡತನವೆಂದು ಕಾಣುತ್ತದೆಯೇ ಹೊರತು ಸಮಾನ ನಿಯಮಗಳಿಗೆ ಅರ್ಹವಾದ ಉತ್ಪಾದನೆಯೆಂದು ಕಾಣುವುದಿಲ್ಲ. ಪರಸ್ಪರ ವಿರುದ್ಧವೆನಿಸುವ ಈ ಎರಡು ಟೀಕೆಗಳು ಒಂದು ಕಡೆ ಕೂಡುತ್ತವೆ: ಸಹಾಯಧನದ ಮೊತ್ತಕ್ಕಿಂತ ಬೆಲೆ, ಸುಂಕ, ನೆಲ ಮತ್ತು ತೆರಿಗೆಯ ನಿಯಮಗಳೇ ಉದ್ಯಮದ ಹಣೆಬರಹವನ್ನು ನಿರ್ಧರಿಸುತ್ತವೆ, ಆದರೆ ಆ ನಿಯಮಗಳನ್ನು ಬರೆಯುವಾಗ ಈ ಉದ್ಯಮಗಳ ಹೆಸರು ಯಾರಿಗೂ ನೆನಪಾಗುವುದಿಲ್ಲ.

ಇದರಿಂದ ಹೊರಡುವ ಪರಿಹಾರಗಳು ದೊಡ್ಡ ಘೋಷಣೆಗಳಾಗಬೇಕಿಲ್ಲ. ಎಣ್ಣೆಯ ಆಮದು ಸುಂಕವನ್ನು ಬಿತ್ತನೆಗೆ ಮೊದಲೇ ಪ್ರಕಟಿಸಿ, ಹಂಗಾಮಿನ ಮಾರಾಟ ಮುಗಿಯುವವರೆಗೆ ಬದಲಿಸದಿರುವ ಒಂದು ನಿಯಮ ರೈತನಿಗೂ ಗಿರಣಿಗೂ ಹಲವು ಕೋಟಿಯ ಯೋಜನೆಗಿಂತ ಹೆಚ್ಚು ಉಪಕಾರ ಮಾಡಬಲ್ಲದು. ಅಂತರರಾಷ್ಟ್ರೀಯ ಬೆಲೆ ವಿಪರೀತ ಏರಿದಾಗ ಬಡ ಗ್ರಾಹಕನನ್ನು ಸುಂಕದಿಂದಲ್ಲದೆ ಪಡಿತರದ ಮೂಲಕ ಕಾಯಬಹುದು. ಕಚ್ಚಾ ರೇಷ್ಮೆಯ ಸುಂಕದಿಂದ ಬಂದ ಹಣವನ್ನು ಹಾಸಿಗೆ ಒದಗುವ ದ್ವಿತಳಿ ಗೂಡಿನ ಉತ್ಪಾದನೆಗೂ ಉತ್ತಮ ನೂಲು ಬಿಚ್ಚುವ ಘಟಕಗಳಿಗೂ ಮೀಸಲಿಟ್ಟರೆ ಬೆಳೆಗಾರ ಮತ್ತು ನೇಕಾರನ ಹಿತಗಳು ಕಾಲಕ್ರಮದಲ್ಲಿ ಹತ್ತಿರವಾದಾವು. ನೇಕಾರನ ಹೆಸರಿನ ನೆರವು ಮಗ್ಗಕ್ಕೋ ಸಂಘಕ್ಕೋ ಅಂಟಿಕೊಳ್ಳದೆ ನೇಯುವ ವ್ಯಕ್ತಿಯ ವಿಮೆ, ಪಿಂಚಣಿ ಮತ್ತು ಕನಿಷ್ಠ ಕೂಲಿಯ ರೂಪ ಪಡೆದರೆ, ಮಗ್ಗ ಮುಂದುವರಿಸುವವನಿಗೂ ಬಿಡುವವನಿಗೂ ಅದು ದಕ್ಕುತ್ತದೆ. ಅಮೆರಿಕದ ವಾಹನ ಕಂಪನಿಗಳಿಗೆ ದೊರೆತ ನೆರವನ್ನು ಒಪ್ಪದವರೂ ಅದರಲ್ಲಿದ್ದ ಒಂದು ಶಿಸ್ತನ್ನು ಮೆಚ್ಚಬಹುದು: ಎಷ್ಟು ಹಣ ಹೋಯಿತು, ಎಷ್ಟು ಮರಳಿತು, ಯಾವ ದಿನ ಸರ್ಕಾರ ಹೊರಬಂದಿತು ಎಂಬ ಲೆಕ್ಕ ಸಾರ್ವಜನಿಕರ ಮುಂದಿತ್ತು. ಚಳ್ಳಕೆರೆಯ ಶೇಂಗಾಕ್ಕೆ, ಮೊಳಕಾಲ್ಮುರಿನ ರೇಷ್ಮೆಗೆ ಮತ್ತು ಕಂಬಳಿಗೆ ಸರ್ಕಾರಗಳು ಕೊಟ್ಟದ್ದೆಷ್ಟು, ತಮ್ಮದೇ ಬೇರೆ ನಿರ್ಧಾರಗಳಿಂದ ಕಳೆದದ್ದೆಷ್ಟು ಎಂಬ ಲೆಕ್ಕವನ್ನು ಹಾಗೆಯೇ ಒಂದೇ ಪಟ್ಟಿಯಲ್ಲಿ ಬರೆದು ಪ್ರಕಟಿಸಿದ ದಿನ, ಆಸರೆ ಬೇಕೇ ಬೇಡವೇ ಎಂಬ ವಾದಕ್ಕೆ ಮೊದಲ ಬಾರಿಗೆ ಒಂದು ಗಟ್ಟಿ ನೆಲೆ ದೊರೆಯುತ್ತದೆ. ಅಲ್ಲಿಯವರೆಗೆ ಪ್ರತಿ ಹೊಸ ಯೋಜನೆಯೂ ಹಿಂದಿನದರ ಫಲವನ್ನು ತಿಳಿಯದೆಯೇ ಆರಂಭವಾಗುತ್ತಿರುತ್ತದೆ.